ತಮಟೆಗೆ ಗಿಟಾರ್ ತಾಗಿದರೆ ಮೈಲಿಗೆಯೇ?

ಮತ್ತೆ ಶುರುವಾಗಿದೆ ಗೋಳು. ಯಾರೋ ಹುಡುಗರು ತತ್ವಪದಕ್ಕೆ ಎಲೆಕ್ಟ್ರಿಕ್ ಗಿಟಾರ್ ಕೂಡಿಸಿದರಂತೆ, ಡೊಳ್ಳಿನ ಜೊತೆ ಡ್ರಮ್ಸ್ ಬಡಿದರಂತೆ, ಗಂಟಲು ಹರಿಯುವ ಹಾಗೆ ಅರಚಿದರಂತೆ. ಅಷ್ಟಕ್ಕೇ ಜನಪದದ ಸೊಗಡು ಸತ್ತುಹೋಯಿತಂತೆ. ಹೆವಿ ಮೆಟಲ್ ನಮ್ಮದಲ್ಲ, ಪರದೇಶದ ಗದ್ದಲ ಎನ್ನುತ್ತಾರೆ ವಿದ್ವಾಂಸರು. ಹೀಗೆ ಹೇಳುವಾಗ ಅವರ ಪಕ್ಕದಲ್ಲಿ ಏನಿರುತ್ತದೆ ಗೊತ್ತೇ? ಹಾರ್ಮೋನಿಯಂ.

ಹಾರ್ಮೋನಿಯಂ ಯಾವ ಊರಿನದು ಸ್ವಾಮಿ? ಹೊಸಪೇಟೆಯದೋ, ಹಾವೇರಿಯದೋ? ಯುರೋಪಿನಲ್ಲಿ ಹುಟ್ಟಿ ಹಡಗು ಹತ್ತಿ ಬಂದದ್ದು ಅದು. 1940ರಲ್ಲಿ ಆಲ್ ಇಂಡಿಯಾ ರೇಡಿಯೋ ಅದಕ್ಕೆ ಬಾಗಿಲು ಹಾಕಿತು. ಕಾರಣ? ಪರದೇಶಿ ಪೆಟ್ಟಿಗೆ, ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲ. ಇವತ್ತಿನ ಇದೇ ರಾಗ, ಇದೇ ತಾಳ. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಅಷ್ಟು ಹೊತ್ತಿಗೆ ಅದು ಭಜನೆ ಮೇಳಕ್ಕೂ ಕಂಪನಿ ನಾಟಕಕ್ಕೂ ಹೊಕ್ಕು, ಕಾಲು ಚಾಚಿ ಕೂತಿತ್ತು. ಈಗ ಅದು ಮಣ್ಣಿನ ಮಗ. ಗಿಟಾರ್ ಮಾತ್ರ ಮ್ಲೇಚ್ಛ!

ಶಿಶುನಾಳ ಷರೀಫರನ್ನು ಮನೆಮನೆಗೆ ಮುಟ್ಟಿಸಿದವರು ಸಿ. ಅಶ್ವತ್ಥ್. ಏಕತಾರಿ ಹಿಡಿದು ಮುಟ್ಟಿಸಿದರೇ? ವಾದ್ಯವೃಂದ ಕಟ್ಟಿ, ಸ್ಟುಡಿಯೋದಲ್ಲಿ ಕೂತು, ಕ್ಯಾಸೆಟ್ಟಿಗೆ ಹಾಕಿ ಮುಟ್ಟಿಸಿದರು. ಅವರ 'ಕನ್ನಡವೇ ಸತ್ಯ' ಗಾಯನ ಕಾರ್ಯಕ್ರಮಕ್ಕೆ 2005ರಲ್ಲಿ ಜನಸಾಗರ ನೆರೆದದ್ದು ಬೆಂಗಳೂರಿನ ಅರಮನೆ ಮೈದಾನದಲ್ಲಿ. ಎರಡು ವರ್ಷದ ಮೇಲೆ ಹೆವಿ ಮೆಟಲ್ ತಂಡ ಐರನ್ ಮೇಡನ್ ಬಂದು ಗುಡುಗಿದ್ದೂ ಅದೇ ಮೈದಾನದಲ್ಲಿ. ಈ ಎರಡರ ಜಾತಕ ಕೂಡುವುದಿಲ್ಲ ಎಂದು ಬರೆದುಕೊಟ್ಟ ಜೋಯಿಸರು ಯಾರು?

ಅಸಲಿಗೆ ಇವರಿಗೆ ಬೇಕಾಗಿರುವ ಜನಪದ ಬೇರೆಯೇ. ರೇಷ್ಮೆ ಸೀರೆ, ಮೈಕಿನ ಮುಂದೆ ಮೆಲುದನಿ, ಪಕ್ಕದಲ್ಲಿ ತಬಲಾ. ಮಾರಿಹಬ್ಬದ ಸರಿರಾತ್ರಿಯಲ್ಲಿ ಇವರು ನಿಂತಿದ್ದಾರೆಯೇ? ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸಿದ ತಮಟೆಯ ಚರ್ಮ ಬಿಗಿದು, ಮೊದಲ ಏಟು ಬಿದ್ದಾಗ ಎದೆಗೂಡು ಅದುರುತ್ತದೆ. ವೀರಗಾಸೆಯವರು ಒಡಪು ಹೇಳುವಾಗ ದಕ್ಷನ ತಲೆ ಉರುಳುತ್ತದೆ. ಸಾವು, ರೋಗ, ರಕ್ತ, ಮುನಿದ ದೇವತೆ: ಮೆಟಲ್ ತಂಡಗಳು ಹುಡುಕಿಕೊಂಡು ಹೋಗುವ ಸರಕೆಲ್ಲ ನಮ್ಮ ಊರಬಾಗಿಲಲ್ಲೇ ಬಿದ್ದಿದೆ. ಗದ್ದಲವಂತೆ! ಜನಪದ ಯಾವತ್ತು ಸದ್ದಿಲ್ಲದೆ ಕೂತಿತ್ತು?

ಮಂಗೋಲಿಯಾದ 'ದ ಹೂ' ತಂಡ ಕುದುರೆ ತಲೆಯ ಪಿಟೀಲು ಹಿಡಿದು, ಗಂಟಲಿನಾಳದ ಅಲೆಮಾರಿ ಹಾಡಿಕೆಯನ್ನು ಮೆಟಲ್‌ಗೆ ಬೆಸೆಯಿತು. ಅಲ್ಲಿ ಸಂಸ್ಕೃತಿ ಸಾಯಲಿಲ್ಲ. 2022ರಲ್ಲಿ ಯುನೆಸ್ಕೋ ಆ ತಂಡವನ್ನು ಕರೆದು ಶಾಂತಿಯ ಕಲಾವಿದರೆಂಬ ಗೌರವ ಕೊಟ್ಟಿತು. ನಮ್ಮಲ್ಲಾಗಿದ್ದರೆ ಖಂಡನಾ ನಿರ್ಣಯ ಗ್ಯಾರಂಟಿ. (ನಾಲ್ಕು ಸೆಕೆಂಡು ಡೊಳ್ಳಿನ ಸದ್ದು ಅಂಟಿಸಿ 'ಫೋಕ್' ಎಂದು ಬೀಗುವ ಹುಡುಗರೂ ಇದ್ದಾರೆ. ಅವರ ಸಂಗೀತ ಕೆಟ್ಟದ್ದು, ಅಷ್ಟೇ. ಕೆಟ್ಟ ಭಾವಗೀತೆ ಕೇಳಿ ಯಾರಾದರೂ ಹಾರ್ಮೋನಿಯಂ ಸುಟ್ಟರೇ?)

ಗಣಪತಿ ಮೆರವಣಿಗೆಗೆ ಲಾರಿ ತುಂಬ ಡಿಜೆ ಬಾಕ್ಸ್ ಬಂದವು, ತಮಟೆಯವರ ಹೊಟ್ಟೆಯ ಮೇಲೆ ಹೊಡೆದವು. ಆಗ ಸೊಗಡಿನ ಕಾವಲುಗಾರರು ಎಲ್ಲಿದ್ದರು? ಬಹುಶಃ ಶ್ರುತಿಪೆಟ್ಟಿಗೆ ಸರಿ ಮಾಡುತ್ತಿದ್ದರು. ಅವರ ಶುದ್ಧಿಯ ವ್ರತ ಚರ್ಮವಾದ್ಯ ಬಾರಿಸುವ ಕೈಯ ಬಗ್ಗೆ ಒಂದು ಮಾತನ್ನೂ ಆಡುವುದಿಲ್ಲ. ಹೆಣದ ಮುಂದೆ ಬಾರಿಸಲು ಬೇಕು, ಜಾತ್ರೆಗೆ ಬೇಕು, ಗುಡಿಯೊಳಗೆ ಬೇಡ. ತಮಟೆಯ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಿದ್ದು 2023ರಲ್ಲಿ. ದೇಶಕ್ಕೆ ತಮಟೆ ಕೇಳಿಸಲು ಅಷ್ಟು ಕಾಲ ಹಿಡಿಯಿತು, ಸದ್ದು ಕಡಿಮೆಯಾಗಿದ್ದಕ್ಕಂತೂ ಅಲ್ಲ.

ಕದಿಯುವುದರ ಬಗ್ಗೆ ಮಾತಾಡೋಣವೇ? ಸಿನಿಮಾದವರೂ ಆಲ್ಬಂನವರೂ 'ಸಾಹಿತ್ಯ: ಜಾನಪದ' ಎಂದು ಎರಡು ಪದ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆ ಹಾಡನ್ನು ತಲೆಮಾರುಗಟ್ಟಲೆ ಬಾಯಲ್ಲಿ ಕಾಪಿಟ್ಟ ಮನೆಗೆ ಬಿಡಿಗಾಸೂ ಹೋಗದು. 2012ರ ಕಾಪಿರೈಟ್ ತಿದ್ದುಪಡಿ ಹಾಡಿದವರಿಗೆ ರಾಯಧನದ ಹಕ್ಕು ಕೊಟ್ಟಿದೆ. ಕಂಸಾಳೆಯ ಗುಡ್ಡರ ಕೈಗೆ ಅದನ್ನು ತಲುಪಿಸಲು ಎಷ್ಟು ವಿದ್ವಾಂಸರು ಓಡಾಡಿದ್ದಾರೆ, ಲೆಕ್ಕ ಕೊಡಲಿ. ಮೆಟಲ್ ಹುಡುಗರನ್ನೂ ಇದೇ ಕಟಕಟೆಗೆ ತನ್ನಿ: ಡೊಳ್ಳಿನವರ ಹೆಸರು ಹಾಕಿದಿರಾ, ಗಿಟಾರಿನವನಿಗೆ ಕೊಟ್ಟಷ್ಟೇ ಸಂಭಾವನೆ ಅವರಿಗೂ ಕೊಟ್ಟಿರಾ ಎಂದು ಕೇಳಿ. ಆ ಜಗಳಕ್ಕೆ ನಾನೂ ಬರುತ್ತೇನೆ. ಹಾರ್ಮೋನಿಯಂ ಮಾತ್ರ ಮನೆಯಲ್ಲೇ ಬಿಟ್ಟು ಬನ್ನಿ.