ಶಸ್ತ್ರಕ್ರಿಯೆಯಿಂದ ಹುಟ್ಟಿದ ಕೂಸಿನ ಹೊಟ್ಟೆ

“ಆಪರೇಶನ್ನಿನ ಮಗು, ಅದರ ಹೊಟ್ಟೆ ಎಂದೂ ನೆಟ್ಟಗಿರುವುದಿಲ್ಲ” ಎಂಬ ಮಾತು ನಮ್ಮ ಕಡೆಯ ಮನೆಗಳಲ್ಲಿ ಈಗೀಗ ಆಗಾಗ ಕಿವಿಗೆ ಬೀಳುತ್ತದೆ. ಆಡುವವರು ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸರು. ಕೇಳಿಸಿಕೊಳ್ಳುವವಳು ಹೊಲಿಗೆಯ ನೋವಿನಿಂದ ಎದ್ದು ಕೂರಲಾರದ ಬಾಣಂತಿ. ಆ ಮಾತಿನಲ್ಲಿ ತುಸು ನಿಜವಿದೆ, ಬಹಳಷ್ಟು ಅನ್ಯಾಯವಿದೆ. ಇವೆರಡನ್ನೂ ಬೇರ್ಪಡಿಸಿ ನೋಡುವುದು ಈ ತಿಂಗಳ ಅಂಕಣದ ಉದ್ದೇಶ.

ಬರೆಯುತ್ತಿರುವವನು ವೈದ್ಯನಲ್ಲ, ಹಳ್ಳಿಯ ಶಾಲಾ ಮಾಸ್ತರ. ಔಷಧ ಹೇಳುವುದು ನನ್ನ ಅಧಿಕಾರವಲ್ಲ. ಆದರೆ ಕಾಸರಗೋಡಿನ ನಮ್ಮ ತಾಯಂದಿರಿಗೆ ಸಿಗುವ ಕರಪತ್ರ ಬಹುಪಾಲು ಮಲಯಾಳದಲ್ಲಿ, ಔಷಧದ ಡಬ್ಬದ ಮೇಲಿನ ಬರಹ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಮಾತ್ರ ಓದು ಕಲಿತವಳಿಗೆ ನೆರೆಮನೆಯ ಬಾಯಿಮಾತೇ ಗತಿಯಾಗುತ್ತದೆ. ವೈದ್ಯಶಾಸ್ತ್ರದವರು ಕಂಡುಕೊಂಡದ್ದನ್ನು ನಮ್ಮ ಭಾಷೆಯಲ್ಲಿ ಪಾಠದಂತೆ ಒಪ್ಪಿಸುವುದಷ್ಟೇ ನನ್ನ ಕೆಲಸ.

ಇದು ಅಲ್ಲೊಬ್ಬರ ಇಲ್ಲೊಬ್ಬರ ಮನೆಯ ವಿಷಯವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರರಲ್ಲಿ 21.5 ಹೆರಿಗೆಗಳು ಶಸ್ತ್ರಕ್ರಿಯೆಯಿಂದಾದವು. ಕೇರಳದಲ್ಲಿ ಈ ಸಂಖ್ಯೆ 38.9, ಆಂಧ್ರದಲ್ಲಿ 42.4, ತಮಿಳುನಾಡಿನಲ್ಲಿ 44.9, ತೆಲಂಗಾಣದಲ್ಲಿ 60.7. ಗಡಿಯಾಚೆಯ ಕನ್ನಡ ಕುಟುಂಬಗಳು ಹೆಚ್ಚಾಗಿ ಇರುವುದು ಇಂತಹ ರಾಜ್ಯಗಳಲ್ಲಿಯೇ. ಇಷ್ಟೊಂದು ಶಸ್ತ್ರಕ್ರಿಯೆಗಳು ಅಗತ್ಯವೇ ಎಂಬುದು ಬೇರೆಯೇ ಚರ್ಚೆ. ಅಗತ್ಯವಿದ್ದಾಗ ಅದು ಎರಡು ಜೀವಗಳನ್ನು ಉಳಿಸುತ್ತದೆ ಎಂಬುದನ್ನು ಮರೆತು ಆಡುವ ಚರ್ಚೆಯಿಂದ ಪ್ರಯೋಜನವಿಲ್ಲ.

ಈಗ ಹೊಟ್ಟೆಯ ವಿಚಾರ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ವಾಸವಾಗಿವೆ. ಅವುಗಳಲ್ಲಿ ಹೆಚ್ಚಿನವು ಶತ್ರುಗಳಲ್ಲ, ಒಕ್ಕಲುಗಳು. ಆಹಾರ ಅರಗಿಸಲು, ರೋಗಾಣುಗಳನ್ನು ಹೊರಗಿಡಲು, ದೇಹದ ರಕ್ಷಣಾಶಕ್ತಿಗೆ ಪಾಠ ಕಲಿಸಲು ನೆರವಾಗುತ್ತವೆ. ಗರ್ಭದಲ್ಲಿರುವ ಶಿಶುವಿನ ಕರುಳು ಉತ್ತು ಬಿತ್ತದ ಗದ್ದೆಯಂತೆ. ಸಹಜ ಹೆರಿಗೆಯಲ್ಲಿ ಹೊರಬರುವಾಗ ತಾಯಿಯ ಕರುಳಿನ ಜೀವಾಣುಗಳು ಮಗುವಿಗೆ ಅಂಟಿಕೊಂಡು ಮೊದಲ ಬೀಜವಾಗುತ್ತವೆ. ಶಸ್ತ್ರಕ್ರಿಯೆಯಲ್ಲಿ ಆ ದಾರಿ ತಪ್ಪುತ್ತದೆ. ಅದಲ್ಲದೆ, ತಾಯಿಗೆ ಸೋಂಕು ತಗಲದಿರಲೆಂದು ಮುಂಚಿತವಾಗಿ ಕೊಡುವ ಆಂಟಿಬಯಾಟಿಕ್ ಹೊಕ್ಕುಳಬಳ್ಳಿಯ ಮೂಲಕ ಶಿಶುವಿಗೂ ತಲಪುತ್ತದೆ. ಅದನ್ನು ಬೇಡವೆನ್ನುವ ಸಾಹಸಕ್ಕೆ ಯಾರೂ ಹೋಗಕೂಡದು; ತಾಯಿಯ ಪ್ರಾಣ ಮೊದಲು.

ಬ್ರಿಟನ್ನಿನ ಸಂಶೋಧಕರು ಸುಮಾರು 600 ಶಿಶುಗಳ ಮಲವನ್ನು ಪರೀಕ್ಷಿಸಿ 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆಯಿಂದ ಹುಟ್ಟಿದ ಶಿಶುಗಳಲ್ಲಿ ತಾಯಿಯಿಂದ ಬರಬೇಕಾದ ಬ್ಯಾಕ್ಟೀರಾಯ್ಡಿಸ್ ಎಂಬ ಗುಂಪು ಬಹಳ ಕಡಿಮೆಯಿತ್ತು. ಆಸ್ಪತ್ರೆಯ ಪರಿಸರದಲ್ಲಿ ಕಾಣುವ ಎಂಟೆರೊಕಾಕಸ್, ಕ್ಲೆಬ್ಸಿಯೆಲ್ಲಾ ಮುಂತಾದವು ಹೆಚ್ಚಿದ್ದವು. ಅಜ್ಜಿಯ ಮಾತಿನಲ್ಲಿರುವ ನಿಜ ಇಷ್ಟೇ. ಆದರೆ ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಮಕ್ಕಳು ಆರರಿಂದ ಒಂಬತ್ತು ತಿಂಗಳಾಗುವ ಹೊತ್ತಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ಅಳಿಸಿಹೋಗಿತ್ತು. ಇಂತಹ ಮಕ್ಕಳಲ್ಲಿ ಆಸ್ತಮಾ, ಬೊಜ್ಜು ಮುಂತಾದವು ತುಸು ಹೆಚ್ಚೆಂದು ಕೆಲವು ಅಧ್ಯಯನಗಳು ತೋರಿಸಿರುವುದು ಹೌದು. ಅದಕ್ಕೆ ಶಸ್ತ್ರಕ್ರಿಯೆಯೇ ಕಾರಣವೋ, ಶಸ್ತ್ರಕ್ರಿಯೆಗೆ ಎಡೆಮಾಡಿದ ತಾಯಿಯ ದೇಹಸ್ಥಿತಿ ಕಾರಣವೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹೀಗಿರುವಾಗ ‘ಎಂದೂ ನೆಟ್ಟಗಿರುವುದಿಲ್ಲ’ ಎಂದು ತೀರ್ಪು ಕೊಡಲು ನಾವು ಯಾರು?

ತಪ್ಪಿದ ಬಿತ್ತನೆಗೆ ಪ್ರಕೃತಿಯೇ ಇಟ್ಟಿರುವ ದೊಡ್ಡ ಪರಿಹಾರ ತಾಯಿಯ ಹಾಲು. ಇದೇನು ಹೊಸ ಮಾತೇ ಎಂದು ಓದುಗರು ಕೇಳಬಹುದು. ಮಾತು ಹಳೆಯದು, ಕಾರಣ ತಿಳಿದದ್ದು ಈಚೆಗೆ. ಮೊಲೆಹಾಲು ಕುಡಿಯುವ ಶಿಶುಗಳ ಮಲದಲ್ಲಿ ಕವಲೊಡೆದ ಆಕಾರದ ಒಂದು ಜೀವಾಣು ಹೇರಳವಾಗಿದೆಯೆಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಆನ್ರಿ ತಿಸ್ಸಿಯೆ 1899ರಲ್ಲಿಯೇ ಗುರುತಿಸಿದ್ದನು. ಅದನ್ನು ಈಗ ಬೈಫಿಡೋಬ್ಯಾಕ್ಟೀರಿಯಂ ಎನ್ನುತ್ತಾರೆ. ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆಗಳ ದೊಡ್ಡ ವರ್ಗವೇ ಇದೆ. ಹಾಲುಸಕ್ಕರೆ ಮತ್ತು ಕೊಬ್ಬನ್ನು ಬಿಟ್ಟರೆ ಹಾಲಿನ ಘನಾಂಶದಲ್ಲಿ ಅವುಗಳದ್ದೇ ಮೂರನೆಯ ಸ್ಥಾನ. ಸೋಜಿಗವೆಂದರೆ ಶಿಶುವಿಗೆ ಅವನ್ನು ಅರಗಿಸಲು ಬರುವುದೇ ಇಲ್ಲ! ಅವು ನೇರವಾಗಿ ದೊಡ್ಡ ಕರುಳಿಗೆ ಇಳಿದು ಈ ಜೀವಾಣುಗಳಿಗೆ ಊಟವಾಗುತ್ತವೆ. ಉಂಡ ಜೀವಾಣುಗಳು ಕರುಳಿನಲ್ಲಿ ಹುಳಿಯನ್ನು ಉಂಟುಮಾಡಿ ಕೆಟ್ಟ ರೋಗಾಣುಗಳು ನೆಲೆಯೂರದಂತೆ ತಡೆಯುತ್ತವೆ. ಅಂದರೆ ತಾಯಿಯು ಉಣಿಸುವುದು ಒಂದು ಮಗುವಿಗಲ್ಲ, ಮಗುವಿನೊಳಗಿನ ಒಂದು ಊರಿಗೇ.

ಹೆರಿಗೆಯಾಗಿ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ದೇಶದ ನೂರು ಮಕ್ಕಳಲ್ಲಿ 41.8 ಮಕ್ಕಳಿಗೆ ಮಾತ್ರ ಆ ಭಾಗ್ಯ ಸಿಕ್ಕಿತ್ತು. ಶಸ್ತ್ರಕ್ರಿಯೆಯಾದವಳಿಗೆ ಇದು ಅಸಾಧ್ಯವೆಂಬ ನಂಬಿಕೆ ಸರಿಯಲ್ಲ. ಬೆನ್ನಿಗೆ ಚುಚ್ಚುಮದ್ದು ಕೊಟ್ಟು ಮಾಡುವ ಶಸ್ತ್ರಕ್ರಿಯೆಯಲ್ಲಿ ತಾಯಿಗೆ ಎಚ್ಚರವಿರುತ್ತದೆ. ಅವಳೂ ಮಗುವೂ ಕ್ಷೇಮವಾಗಿದ್ದರೆ ದಾದಿಯ ಸಹಾಯದಿಂದ ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಯ ಮೇಲೆ ಮಲಗಿಸಬಹುದು. ತಾಯಿಯ ಚರ್ಮದ ಜೀವಾಣುಗಳು ಮಗುವಿಗೆ ದಾಟುವುದಕ್ಕೂ ಇದು ದಾರಿ. ಮುಂದಿನ ದಿನಗಳಲ್ಲಿ ಪಕ್ಕಕ್ಕೆ ಹೊರಳಿ ಮಲಗಿ ಉಣಿಸಬಹುದು, ಇಲ್ಲವೆ ಮಗುವಿನ ಕಾಲು ತಾಯಿಯ ಬೆನ್ನಿನ ಕಡೆಗೆ ಬರುವಂತೆ ಕಂಕುಳಡಿ ಹಿಡಿದು ಉಣಿಸಬಹುದು. ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಹೆರಿಗೆಗೆ ಮೊದಲೇ ಗಂಡನಾದವನು ವೈದ್ಯರಲ್ಲಿ ಈ ವಿಷಯವನ್ನು ಕೇಳಿಟ್ಟುಕೊಳ್ಳಬೇಕು. ಗಂಡಸರಿಗೆ ಇದು ಸಂಬಂಧವಿಲ್ಲವೆಂದು ವರಾಂಡದಲ್ಲಿ ಪತ್ರಿಕೆ ಓದುತ್ತ ಕೂರುವ ಕಾಲ ಮುಗಿದಿದೆ.

ಅಪಾಯದ ಘಳಿಗೆ ಬರುವುದು ಎರಡನೆಯ, ಮೂರನೆಯ ದಿನ. ಶಸ್ತ್ರಕ್ರಿಯೆಯ ಬಳಿಕ ಹಾಲು ತುಂಬಿಬರುವುದು ಸ್ವಲ್ಪ ತಡವಾಗುವುದುಂಟು. ಅಷ್ಟರವರೆಗೆ ಬರುವ ಹಳದಿ ಬಣ್ಣದ ಮಂದವಾದ ಹಾಲು ಅಳತೆಯಲ್ಲಿ ಚಮಚಗಳಷ್ಟೇ. ಶಿಶುವಿನ ಪುಟ್ಟ ಜಠರಕ್ಕೆ ಅದು ಸಾಲುತ್ತದೆ. ಆದರೆ ಮಗು ಅಳುತ್ತದೆ, “ಇವಳಿಗೆ ಹಾಲಿಲ್ಲ” ಎಂದು ಯಾರೋ ಹೇಳುತ್ತಾರೆ, ಸಂಜೆಯೊಳಗೆ ಡಬ್ಬದ ಪುಡಿ ಬರುತ್ತದೆ. ಡಬ್ಬದ ಹಾಲು ಕುಡಿದ ಮಗು ಎದೆಯನ್ನು ಕಡಿಮೆ ಚೀಪುತ್ತದೆ. ಚೀಪುವುದು ಕಡಿಮೆಯಾದಷ್ಟು ಹಾಲೂ ಕಡಿಮೆಯಾಗುತ್ತದೆ. ಹೀಗೆ ಹೇಳಿದ ಸುಳ್ಳು ಒಂದು ವಾರದಲ್ಲಿ ನಿಜವಾಗಿಬಿಡುತ್ತದೆ. ನಮ್ಮ ದೇಶದಲ್ಲಿ ಇಂತಹ ಪುಡಿಗಳ ಜಾಹೀರಾತನ್ನು 1992ರ ಕಾನೂನು ನಿಷೇಧಿಸಿದೆ. ಮನೆಯವರ ಜಾಹೀರಾತಿಗೆ ಕಾನೂನಿಲ್ಲ. ಐದಾರು ದಿನಗಳಾದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದರೆ, ಸುಮಾರು ಎರಡು ವಾರಗಳಲ್ಲಿ ಹುಟ್ಟಿದಾಗಿನ ತೂಕಕ್ಕೆ ಮರಳಿದರೆ, ಹಾಲು ಸಾಲುತ್ತಿದೆಯೆಂದು ತಿಳಿಯಬೇಕು.

ಹಾಗೆಂದು, ಮಗುವಿನ ತೂಕ ಮಿತಿಮೀರಿ ಇಳಿಯುತ್ತಿದೆ, ಬೇರೆ ಹಾಲು ಬೇಕೇ ಬೇಕು ಎಂದು ವೈದ್ಯರು ಪರೀಕ್ಷಿಸಿ ಹೇಳಿದರೆ ಹಟ ಹಿಡಿಯಬಾರದು. ತಾಯಿಯ ಹಾಲನ್ನೇ ಹಿಂಡಿ ಒಳಲೆಯಲ್ಲಿ ಕುಡಿಸುವುದು ಮೊದಲ ಉಪಾಯ. ಅದೂ ಆಗದಿದ್ದರೆ ಪುಡಿಯ ಹಾಲು. ಅದಕ್ಕಾಗಿ ತಾಯಿ ತಲೆ ತಗ್ಗಿಸಬೇಕಾದದ್ದಿಲ್ಲ. ಬಾಟಲಿಗಿಂತ ನಮ್ಮ ಅಜ್ಜಿಯರ ಒಳಲೆಯೇ ಮೇಲು, ತೊಳೆದು ಕುದಿಸುವುದು ಸುಲಭ.

ಆರು ತಿಂಗಳ ತನಕ ಎದೆಹಾಲಿನ ಹೊರತು ನೀರೂ ಬೇಡ. ತೇದ ಬಜೆ, ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಈ ಎಳೆಯ ಊರಿಗೆ ಹಿತವಲ್ಲ. ಜೇನಿನ ವಿಷಯದಲ್ಲಂತೂ ಕಟ್ಟುನಿಟ್ಟು ಬೇಕು: ಅದರಲ್ಲಿ ಕೆಲವೊಮ್ಮೆ ಇರುವ ಒಂದು ಜೀವಾಣುವಿನ ಬೀಜಕಗಳು ಶಿಶುವಿನ ಕರುಳಿನಲ್ಲಿ ಮೊಳೆತು ಮೈಯ ಸ್ನಾಯುಗಳನ್ನೇ ಸಡಿಲಗೊಳಿಸುವ ವಿಷವನ್ನು ಉಂಟುಮಾಡಬಲ್ಲವು. ಒಂದು ವರುಷ ತುಂಬುವ ತನಕ ಜೇನು ಕೂಡದು. ಜಾತಕರ್ಮದಲ್ಲಿ ಜೇನು ನೆಕ್ಕಿಸುವ ಪದ್ಧತಿಯಿರುವ ಮನೆಗಳವರು ಪುರೋಹಿತರೊಡನೆ ಮಾತಾಡಿ ಆ ಬಿಂದುವನ್ನು ತಾಯಿಯ ನಾಲಗೆಗೆ ಹಚ್ಚಬಹುದಲ್ಲವೆ? ಮಗು ಅವಳ ಮೂಲಕವೇ ತಾನೆ ಉಣ್ಣುವುದು.

ಔಷಧದ ಅಂಗಡಿಯಲ್ಲಿ ಈಗ ‘ಒಳ್ಳೆಯ ಜೀವಾಣು’ಗಳ ಹನಿಗಳು ಮಾರಾಟಕ್ಕಿವೆ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಒಂದು ದೊಡ್ಡ ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಯಿತು. ಒಂದು ನಿರ್ದಿಷ್ಟ ಲ್ಯಾಕ್ಟೋಬ್ಯಾಸಿಲಸ್ ತಳಿಯನ್ನು ಅದಕ್ಕೆ ಬೇಕಾದ ಆಹಾರದೊಡನೆ ಏಳು ದಿನ ಕೊಟ್ಟಾಗ ರಕ್ತಕ್ಕೆ ಸೋಂಕು ತಗಲುವುದೂ ಸಾವೂ ಸೇರಿ ನೂರಕ್ಕೆ 9ರಿಂದ 5.4ಕ್ಕೆ ಇಳಿದವು. ಹೆಮ್ಮೆಪಡತಕ್ಕ ಕೆಲಸ. ಆದರೆ ಅವು ಎದೆಹಾಲು ಕುಡಿಯುತ್ತಿದ್ದ, ಸಾಕಷ್ಟು ತೂಕವಿದ್ದ ಶಿಶುಗಳು, ತಳಿಯೂ ಒಂದೇ. ಅಂಗಡಿಯ ಎಲ್ಲ ಹನಿಗಳಿಗೂ ಆ ಕೀರ್ತಿಯನ್ನು ಹಂಚಲಾಗದು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಇಂತಹ ಹನಿಗಳಿಂದ ಅಪಾಯವುಂಟೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ. ಮಕ್ಕಳ ವೈದ್ಯರು ಬರೆದುಕೊಡದೆ ಕೊಳ್ಳಬೇಡಿ. ತಾಯಿಯ ಜನನಮಾರ್ಗದ ದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿಗೆ ಒರೆಸುವ ಪ್ರಯೋಗವೂ ವಿದೇಶಗಳಲ್ಲಿ ನಡೆದಿದೆ. ಸೋಂಕಿನ ಭಯವಿರುವುದರಿಂದ ಸಂಶೋಧನೆಯ ಹೊರಗೆ ಇದನ್ನು ಮಾಡಕೂಡದೆಂದು ಅಮೆರಿಕದ ಪ್ರಸೂತಿ ತಜ್ಞರ ಸಂಘವು 2017ರಲ್ಲಿ ತಿಳಿಸಿತು. ಮನೆಯಲ್ಲಿ ಯಾರೂ ಪ್ರಯತ್ನಿಸತಕ್ಕದ್ದಲ್ಲ. ಸಾಧಾರಣ ನೆಗಡಿಗೆ ಹಿಂದಿನ ಸೀಸೆಯಲ್ಲುಳಿದ ಆಂಟಿಬಯಾಟಿಕ್ ಕೊಡುವ ಅಭ್ಯಾಸವನ್ನೂ ಬಿಡಬೇಕು. ಬೆಳೆಯುತ್ತಿರುವ ಪೈರಿನ ಮೇಲೆ ಅದು ಕುಡುಗೋಲಾಡಿಸಿದಂತೆ.

ನಮ್ಮಲ್ಲಿ ಅನೇಕರಿಗೆ ಹೆರಿಗೆ ಮಂಗಳೂರಿನ ಆಸ್ಪತ್ರೆಯಲ್ಲಿ, ಬಾಣಂತನ ತಲಪಾಡಿಯಿಂದ ಈಚೆ. ಆಸ್ಪತ್ರೆಯಿಂದ ಬಿಡುವಾಗ ಕೊಡುವ ಚೀಟಿಯಲ್ಲಿ ತಾಯಿಗೂ ಮಗುವಿಗೂ ಕೊಟ್ಟ ಔಷಧಗಳನ್ನೂ ಹುಟ್ಟುತೂಕವನ್ನೂ ಬರೆಸಿಕೊಂಡು ಊರಿನ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಇಲ್ಲದಿದ್ದರೆ ಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಏನೂ ಗೊತ್ತಾಗದು. ಎದೆಹಾಲಿನ ಮಗು ದಿನಕ್ಕೆ ಆರೆಂಟು ಸಲ ತೆಳುವಾದ ಹಳದಿ ಮಲ ವಿಸರ್ಜಿಸಿದರೆ ಭೇದಿಯಲ್ಲ. ತಿಂಗಳು ಕಳೆದ ಮೇಲೆ ಕೆಲವು ದಿನ ಹೋಗದೆ ಇದ್ದು, ಆಮೇಲೆ ಮೆತ್ತಗೆ ಹೋದರೆ ಮಲಬದ್ಧತೆಯಲ್ಲ. ಆದರೆ ಹಸಿರು ವಾಂತಿ, ಮಲದಲ್ಲಿ ರಕ್ತ, ಬಿಗಿದು ಉಬ್ಬಿದ ಹೊಟ್ಟೆ, ಜ್ವರ, ಹಾಲು ಕುಡಿಯದೆ ಮಂಕಾಗಿ ಮಲಗುವುದು ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಆರು ತಿಂಗಳು ತುಂಬಿದ ಮೇಲೆ ರಾಗಿಯ ಮಣ್ಣಿ, ನುಣ್ಣಗೆ ಅರೆದ ಗಂಜಿ, ಬೇಯಿಸಿದ ತರಕಾರಿ, ಬೇಳೆ, ಹಣ್ಣು, ಸ್ವಲ್ಪ ತಾಜಾ ಮೊಸರು ಹೀಗೆ ಒಂದೊಂದಾಗಿ ಆರಂಭಿಸಬಹುದು. ಎದೆಹಾಲು ಎರಡು ವರ್ಷದ ತನಕ ನಡೆಯಲಿ. ಬಗೆಬಗೆಯ ನಾರಿನ ಆಹಾರ ಬಂದಂತೆ ಕರುಳಿನ ಒಕ್ಕಲುಗಳೂ ಬಗೆಬಗೆಯಾಗುತ್ತವೆ. ಮಲದ ಬಣ್ಣ, ವಾಸನೆ ಬದಲಾಗುವುದು ಅದರಿಂದಲೇ. ಬಾಳೆಹಣ್ಣು ತಿಂದ ಮರುದಿನ ಕಪ್ಪು ನೂಲಿನಂತಹ ಎಳೆಗಳು ಕಂಡರೆ ಹುಳುವೆಂದು ಗಾಬರಿಯಾಗಬೇಡಿ, ಅವು ಹಣ್ಣಿನ ನಾರು.