ಜೋಜಿ ಲಾ: ಹಾರೆ ಹಿಡಿದವರ ನೆನಪು

ಸ್ವತಂತ್ರ ಭಾರತವು ಎದುರಿಸಿದ ಮೊತ್ತಮೊದಲ ಯುದ್ಧವು, ಎಂದರೆ 1947-48ರ ಕಾಶ್ಮೀರ ಸಂಗ್ರಾಮವು, ನಮ್ಮ ಜನರ ಸ್ಮೃತಿಯಲ್ಲಿ ಉಳಿದಿರುವುದು ಅದರ ಮೊದಲ ಕೆಲವು ವಾರಗಳ ಮಟ್ಟಿಗೆ ಮಾತ್ರ. 1947ರ ಅಕ್ಟೋಬರ್ 27ರಂದು ಶ್ರೀನಗರದ ವಿಮಾನನಿಲ್ದಾಣದಲ್ಲಿ ಬಂದಿಳಿದ ಸಿಖ್ ದಳವನ್ನೂ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಸ್ಥಿತಿಯಲ್ಲಿಯೇ ಬಡಗಾಮಿನಲ್ಲಿ ಹೋರಾಡಿ ಪ್ರಾಣವಿತ್ತ ಮೇಜರ್ ಸೋಮನಾಥ ಶರ್ಮರನ್ನೂ ಬಲ್ಲವರು ಅನೇಕರಿದ್ದಾರೆ. ಅದೇ ಯುದ್ಧದ ಎರಡನೆಯ ಚಳಿಗಾಲದಲ್ಲಿ, 1948ರ ನವೆಂಬರ್ 1ರಂದು, ಜೋಜಿ ಲಾ ಎಂಬ ಹಿಮದ ಕಣಿವೆದಾರಿಯಲ್ಲಿ ನಡೆದ ಕದನವನ್ನು ಬಲ್ಲವರು ವಿರಳ. ಅದರಲ್ಲಿ ಕರ್ನಾಟಕಕ್ಕೆ ಎಂಥ ಪಾಲಿತ್ತೆಂಬುದನ್ನು ಬಲ್ಲವರಂತೂ ಇನ್ನೂ ವಿರಳ.

ಸೋನಾಮಾರ್ಗದ ಹಸುರು ಕಣಿವೆಯನ್ನು ದ್ರಾಸಿನ ಬರಡು ಬಯಲಿಗೆ ಕೂಡಿಸುವ ಈ ದಾರಿ ಸಮುದ್ರಮಟ್ಟದಿಂದ ಸುಮಾರು 11,500 ಅಡಿ ಎತ್ತರದಲ್ಲಿದೆ. ಲಡಾಖಿಗೆ ಕಾಶ್ಮೀರದ ಕಡೆಯಿಂದ ಇರುವ ಬಾಗಿಲೇ ಅದು. 1948ರ ಬೇಸಗೆಯಲ್ಲಿ ಕಾರ್ಗಿಲ್, ದ್ರಾಸ್ ಮತ್ತು ಈ ಬಾಗಿಲು ಒಂದಾದ ಮೇಲೊಂದರಂತೆ ಶತ್ರುವಶವಾದುವು. ಲೆಫ್ಟಿನೆಂಟ್ ಕರ್ನಲ್ ಶೇರ್ ಜಂಗ್ ಥಾಪಾ ಅವರ ಸಣ್ಣ ಪಡೆ ಆರು ತಿಂಗಳ ಕಾಲ ಮುತ್ತಿಗೆಯನ್ನು ತಡೆದು ನಿಂತಿದ್ದ ಸ್ಕರ್ದು ಆಗಸ್ಟ್ 14ರಂದು ಬಿದ್ದುಹೋಯಿತು. ಲೇಹ್ ಮಾತ್ರ ವಿಮಾನಗಳ ಕೃಪೆಯಿಂದ ಉಸಿರಾಡುತ್ತಿತ್ತು. ಹಿಮ ಬಿದ್ದು ದಾರಿ ಪೂರ್ಣವಾಗಿ ಮುಚ್ಚುವುದರೊಳಗೆ ಜೋಜಿ ಲಾ ತೆರೆಯದಿದ್ದರೆ ಲಡಾಖ್ ಕೈತಪ್ಪುವುದು ನಿಶ್ಚಯವಾಗಿತ್ತು. ಸೆಪ್ಟೆಂಬರಿನಲ್ಲಿ ಪದಾತಿಗಳು ಮಾಡಿದ ಆಕ್ರಮಣಗಳು, ಇಕ್ಕೆಲದ ಬಂಡೆಗಳ ಗವಿಗಳಲ್ಲಿ ಅಡಗಿದ್ದ ಮೆಷಿನ್‌ಗನ್ನುಗಳ ಮುಂದೆ ನಿಷ್ಫಲವಾದುವು.

ಆಗ ಶ್ರೀನಗರದ ಡಿವಿಜನ್ನಿನ ಸೇನಾಧಿಪತಿಯಾಗಿದ್ದವರು ಮಡಿಕೇರಿಯ ಕೆ. ಎಸ್. ತಿಮ್ಮಯ್ಯನವರು. ಗವಿಗಳ ಬಾಯಿಗೆ ನೇರವಾಗಿ ಗುಂಡಿಕ್ಕಬಲ್ಲ ಆಯುಧವೆಂದರೆ ಟ್ಯಾಂಕು ಒಂದೇ ಎಂದು ಅವರು ನಿಶ್ಚಯಿಸಿದರು; ಅಷ್ಟು ಎತ್ತರಕ್ಕೆ ಟ್ಯಾಂಕು ಏರೀತೆಂದು ಆ ಕಾಲದಲ್ಲಿ ಯಾರೂ ಊಹಿಸಿರಲಿಲ್ಲವಾದುದರಿಂದ, ಆ ಊಹೆಯ ಅಭಾವವನ್ನೇ ಅವರು ತಮ್ಮ ಬಲವಾಗಿ ಮಾಡಿಕೊಂಡರು. ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗರ 7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರಗಳನ್ನು ಬಿಚ್ಚಿ, ಶತ್ರುವಿನ ಗೂಢಚಾರರಿಗೆ ಸುಳಿವು ಸಿಕ್ಕದಂತೆ ಮರೆಮಾಚಿ, ಬಾಲ್ತಾಲಿನ ತನಕ ಸಾಗಿಸಲಾಯಿತು. ಅಲ್ಲಿಂದ ಮೇಲಕ್ಕೆ ಇದ್ದುದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಟ್ಯಾಂಕು ಹೋಗುವಷ್ಟು ಅಗಲಮಾಡಿದವರು ಮೇಜರ್ ತಂಗರಾಜು ಅವರ ಕೈಕೆಳಗಿನ ಮದ್ರಾಸ್ ಸ್ಯಾಪರ್‌ಗಳು. ಬೆಂಗಳೂರಿನ ಹಲಸೂರು ಕೆರೆಯ ಪಕ್ಕದಲ್ಲಿ ಇಂದಿಗೂ ತಮ್ಮ ಕೇಂದ್ರವನ್ನುಳ್ಳ, 1780ರಷ್ಟು ಹಿಂದೆ ಮೂಲವುಳ್ಳ, ಸೇನೆಯಲ್ಲಿ ‘ತಂಬಿ’ಗಳೆಂದೇ ಪ್ರಸಿದ್ಧರಾದ ದಕ್ಷಿಣದ ಹುಡುಗರು.

ಕದನದ ದಿನವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಹಿಮ ಸುರಿಯುತ್ತಿದ್ದ ಆ ದಿನ ಮಧ್ಯಾಹ್ನ ಟ್ಯಾಂಕುಗಳು ಏರಿದುವು; ಮುಂಚೂಣಿಯ ಟ್ಯಾಂಕೊಂದರಲ್ಲಿ ತಿಮ್ಮಯ್ಯನವರು ಸ್ವಯಂ ಕುಳಿತಿದ್ದರು; ಗವಿಗಳಲ್ಲಿದ್ದವರು ದಿಗ್ಭ್ರಾಂತರಾದರು; ಸಂಜೆಯ ವೇಳೆಗೆ ಗುಮ್ರಿಯ ಬಯಲು ನಮ್ಮದಾಗಿತ್ತು. ಅಷ್ಟು ಎತ್ತರದಲ್ಲಿ ಟ್ಯಾಂಕುಗಳು ಯುದ್ಧಮಾಡಿದ್ದು ಜಗತ್ತಿನಲ್ಲಿ ಅದೇ ಮೊದಲೆಂದು ಸೇನಾ ಇತಿಹಾಸಕಾರರು ಹೇಳುತ್ತಾರೆ. ಆ ಮೇಲಿನ ಮೂರು ವಾರಗಳಲ್ಲಿ ಮಾತಾಯನ, ದ್ರಾಸ್ ಮತ್ತು ಕಡೆಗೆ ಕಾರ್ಗಿಲ್ ಮರಳಿ ದೊರೆತು, ಲೇಹಿನ ದಾರಿ ತೆರೆಯಿತು. ಹಿಮಕ್ಕೆ ತಕ್ಕ ಉಡುಪು ಸಾಲದೆ ಶೀತದ ಹೊಡೆತಕ್ಕೆ ಕೈಕಾಲು ಕಳೆದುಕೊಂಡವರು ಆ ಮುನ್ನಡೆಯಲ್ಲಿ ಬಹು ಮಂದಿ.

ಇಷ್ಟು ಗ್ರಂಥಗಳಲ್ಲಿದೆ. ಗ್ರಂಥಗಳಲ್ಲಿ ಇಲ್ಲದುದನ್ನು ನಾನು ಬಾಲ್ಯದಲ್ಲಿ ಹಲಸೂರಿನ ನಮ್ಮ ಬೀದಿಯಲ್ಲಿದ್ದ ನಿವೃತ್ತ ಸ್ಯಾಪರ್ ಒಬ್ಬರ ಬಾಯಿಂದ ಕೇಳಿದೆ. ಅವರನ್ನು ನಾವೆಲ್ಲ ಸುಬೇದಾರ್ ಮಾಮ ಎನ್ನುತ್ತಿದ್ದೆವು. ಟ್ಯಾಂಕುಗಳ ಪರಾಕ್ರಮವನ್ನು ಕೇಳಬೇಕೆಂದು ನಾವು ಪೀಡಿಸಿದರೆ ಅವರು ಹಾರೆಯ ಸಂಗತಿ ಹೇಳುತ್ತಿದ್ದರು. ಬೆಳಗಿನ ಜಾವ ಬರಿಗೈಯಲ್ಲಿ ಹಾರೆಯ ಕಬ್ಬಿಣವನ್ನು ಮುಟ್ಟಿದರೆ ಅಂಗೈಯ ತೊಗಲು ಅದಕ್ಕೇ ಅಂಟಿಕೊಳ್ಳುತ್ತಿತ್ತೆಂದೂ, ಆದುದರಿಂದ ಹಿಡಿಗೆ ಹರಕು ಗೋಣಿ ಸುತ್ತುತ್ತಿದ್ದರೆಂದೂ, ಹಗಲೆಲ್ಲ ಕಡಿದು ಮಾಡಿದ ದಾರಿಯ ಮೇಲೆ ರಾತ್ರಿ ಕಲ್ಲು ಜಾರಿ ಬಿದ್ದು ಮರುದಿನ ಮೊದಲಿನಿಂದ ತೊಡಗಬೇಕಾಗುತ್ತಿತ್ತೆಂದೂ, ಡಬರಿಯಲ್ಲಿ ಕಾಯಿಸಿದ ಚಹಾ ಕೈಯಿಂದ ಕೈಗೆ ದಾಟುವಷ್ಟರಲ್ಲಿ ತಣ್ಣಗಾಗುತ್ತಿತ್ತೆಂದೂ ಹೇಳುತ್ತಿದ್ದರು. ಟ್ಯಾಂಕುಗಳು ತಮ್ಮ ದಾರಿಯ ಮೇಲೆ ಹತ್ತುವಾಗ ಅವರು ನೋಡಿದ್ದು ಟ್ಯಾಂಕನ್ನಲ್ಲವಂತೆ; ಅದರ ಹೊರಗಿನ ಚಕ್ರಪಟ್ಟಿಯು ಒತ್ತಿಕೊಂಡು ಹೋಗುತ್ತಿದ್ದ ದಾರಿಯ ಅಂಚನ್ನಂತೆ, ಅದು ಕುಸಿಯದಿರಲೆಂದು. ಅವರ ಎಡಗಾಲಿನ ಎರಡು ಬೆರಳುಗಳು ಇರಲಿಲ್ಲ. ಆ ಮಾತನ್ನು ಯಾರೂ ಬರೆದಿಡಲಿಲ್ಲ, ಈಗ ಅವರಿಲ್ಲ.

ಮುದುಕರ ನೆನಪು ದಿನಾಂಕಗಳನ್ನು ತಪ್ಪಿಸುತ್ತದೆ, ತಾನು ಕಂಡುದನ್ನು ಇತರರಿಂದ ಕೇಳಿದುದರೊಡನೆ ಬೆರೆಸುತ್ತದೆ, ಆದಕಾರಣ ಅದು ಇತಿಹಾಸಕ್ಕೆ ಆಧಾರವಾಗದು ಎಂದು ಪಂಡಿತರು ಆಕ್ಷೇಪಿಸುವುದುಂಟು. ದಿನಾಂಕಕ್ಕೆ ಪಡೆಗಳ ದಿನಚರಿಗಳಿವೆ, ಅವು ಸಾಕು. ದಾರಿಯ ಅಂಚನ್ನು ಉಸಿರು ಬಿಗಿಹಿಡಿದು ನೋಡಿದವನ ಕಣ್ಣು ಯಾವ ದಿನಚರಿಯಲ್ಲಿಯೂ ಇಲ್ಲ. ಸೇನೆಯ ದಾಖಲೆ ಆಜ್ಞೆ ಕೊಟ್ಟವರ ಸ್ಥಾನದಿಂದ ಬರೆದದ್ದು. ಆಜ್ಞೆಯನ್ನು ಪಾಲಿಸಿದ ದೇಹಕ್ಕೆ ಏನಾಯಿತೆಂಬುದು ಅದರಲ್ಲಿ ಬರುವುದು ಗಾಯಾಳುಗಳ ಸಂಖ್ಯೆಯಾಗಿ ಮಾತ್ರ. ಯುದ್ಧವನ್ನು ಕುರಿತು ವಿವೇಕದಿಂದ ಮಾತನಾಡಬೇಕಾದ ಪ್ರಜೆಗಳಿಗೆ ಈ ಎರಡನೆಯ ಅರಿವು ಮೊದಲನೆಯದಕ್ಕಿಂತ ಅವಶ್ಯಕವೆಂದು ನಾನು ದೃಢವಾಗಿ ನಂಬಿದ್ದೇನೆ.

ಜೋಜಿ ಲಾ ಮರೆಗೆ ಸರಿದುದಕ್ಕೆ ಕಾರಣಗಳನ್ನು ದೂರ ಹುಡುಕಬೇಕಾಗಿಲ್ಲ. ಎರಡೇ ತಿಂಗಳಲ್ಲಿ, 1949ರ ಜನವರಿ 1ರಂದು, ಕದನವಿರಾಮ ಜಾರಿಗೆ ಬಂತು. 1962ರ ಪರಾಭವದ ನೆರಳು ಹಿಂದಿನ ಜಯಗಳ ಮೇಲೂ ಕವಿಯಿತು. 1999ರ ಬಳಿಕ ದ್ರಾಸ್, ಕಾರ್ಗಿಲ್ ಎಂದರೆ ಜನರಿಗೆ ಬೇರೊಂದೇ ಯುದ್ಧ ನೆನಪಾಗುತ್ತದೆ. ಈಗ ಆ ಪರ್ವತದ ಅಡಿಯಲ್ಲಿಯೇ ಸುಮಾರು 13 ಕಿಲೋಮೀಟರಿನ ಸುರಂಗ ಕೊರೆಯುತ್ತಿದ್ದಾರೆ. ಅದು ಮುಗಿದ ಮೇಲೆ ಮೇಲಿನ ಹಳೆಯ ದಾರಿಯನ್ನು ನೋಡುವವರೂ ಕಡಮೆಯಾಗುವರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ವಸ್ತುಸಂಗ್ರಹಾಲಯವಾಗಿರುವುದು ಸಂತೋಷದ ಸಂಗತಿ. ಸೇನಾನಿಗೆ ಸಲ್ಲಬೇಕಾದ ಗೌರವ ಸಂದಿತು. ಸ್ಯಾಪರ್‌ನಿಗೆ ಸಲ್ಲಬೇಕಾದದ್ದು ಬಾಕಿಯಿದೆ.

1948ರ ಯೋಧರಲ್ಲಿ ಈಗ ಬದುಕಿರುವವರು ಬೆರಳೆಣಿಕೆಯವರಾದರೂ, 1962, 1965 ಮತ್ತು 1971ರ ಚಳಿಯನ್ನೂ ಗುಂಡನ್ನೂ ಕಂಡವರು ಕೊಡಗಿನ ತೋಟದ ಮನೆಗಳಲ್ಲಿ, ಬೆಳಗಾವಿ, ಧಾರವಾಡ, ವಿಜಯಪುರದ ಹಳ್ಳಿಗಳಲ್ಲಿ, ಬೆಂಗಳೂರಿನ ಹಳೆಯ ದಂಡಿನ ಬೀದಿಗಳಲ್ಲಿ ಇನ್ನೂ ಇದ್ದಾರೆ. 1962ರವರಿಗೆ ಎಂಬತ್ತು ದಾಟಿದೆ. ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಬಳಿ ನಿವೃತ್ತರ ವಿಳಾಸಗಳಿವೆ. ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಲ್ಲಿ ವಿದ್ಯಾರ್ಥಿಗಳಿದ್ದಾರೆ. ಧ್ವನಿಮುದ್ರಣದ ಯಂತ್ರವಂತೂ ಪ್ರತಿಯೊಬ್ಬರ ಜೇಬಿನಲ್ಲಿದೆ. ಇವು ಮೂರನ್ನೂ ಕೂಡಿಸುವ ಒಂದು ಆದೇಶ ಬೇಕು. ಕನ್ನಡದಲ್ಲಾಗಲಿ, ಕೊಡವ ಭಾಷೆಯಲ್ಲಾಗಲಿ, ತಮಿಳಿನಲ್ಲಾಗಲಿ, ಅವರವರ ಮನೆಮಾತಿನಲ್ಲಿಯೇ ಕೇಳಬೇಕು; ಶೌರ್ಯವನ್ನು ಕೇಳುವ ಮೊದಲು ಏನು ಉಟ್ಟಿರಿ, ಏನು ಉಂಡಿರಿ, ಯಾರ ಪಕ್ಕದಲ್ಲಿ ಮಲಗಿದಿರಿ, ಅವರು ಮರಳಿ ಬಂದರೆ ಎಂದು ಕೇಳಬೇಕು. ಮುದ್ರಿಸಿದುದರ ಒಂದು ಪ್ರತಿ ಮನೆಯವರಿಗೂ ಇನ್ನೊಂದು ರಾಜ್ಯ ಪತ್ರಾಗಾರಕ್ಕೂ ಸೇರಬೇಕು. ಈ ಕಾರ್ಯ ಮುಂದಿನ ಆಯವ್ಯಯಕ್ಕೆ ಕಾಯದೆ ಈ ವರ್ಷವೇ ಆರಂಭವಾಗಬೇಕೆಂದು, ಅಧಿಕಾರದಲ್ಲಿರುವವರನ್ನು ಈ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.