ಹರ್ನಿಯಾ ಎಂಬ ಸುಳ್ಳು ಮತ್ತು ಊರಿಗೆ ಹೋಗುವ ರೈಲು

ನಮ್ಮ ಕಡೆಯ ಗಂಡಸರಿಗೆ ಹೊಕ್ಕುಳಿನ ಕೆಳಗೆ ಆಗಬಹುದಾದ ಆಪರೇಷನ್ ಒಂದೇ ಒಂದು. ಅದು ಹರ್ನಿಯಾ. ನಿಜವಾಗಿ ಆದದ್ದು ಏನೇ ಇರಲಿ, ಆಫೀಸಿಗೆ, ನೆಂಟರಿಗೆ, ಊರಿಗೆ ಹೋಗುವ ಸುದ್ದಿ ಮಾತ್ರ ಹರ್ನಿಯಾದ್ದೇ. ಈ ಒಂದು ಪದದ ಹಿಂದೆ ಎಷ್ಟು ಕಾಯಿಲೆಗಳು, ಎಷ್ಟು ಗಂಡಸರು ಅಡಗಿ ಕುಳಿತಿದ್ದಾರೆಂದು ಲೆಕ್ಕ ಇಟ್ಟವರಿಲ್ಲ. ಹಾಗೆ ಅಡಗಿ ಕುಳಿತವರಲ್ಲಿ ಶಿಶ್ನದ ಇಂಪ್ಲಾಂಟ್ ಮಾಡಿಸಿಕೊಂಡವರ ಪರವಾಗಿ ಈ ಬರಹ. ಓದಲು ಮುಜುಗರ ಎನಿಸಿದವರು ದಯವಿಟ್ಟು ಸ್ವಲ್ಪ ತಾಳಿಕೊಳ್ಳಿ. ಆ ಮುಜುಗರಕ್ಕೆ ಯಾರು ಬೆಲೆ ತೆರುತ್ತಿದ್ದಾರೆ ಎಂಬುದೇ ಇಲ್ಲಿನ ವಿಷಯ.

ಮೊದಲು ಅದೇನೆಂದು ನೇರವಾಗಿ ಹೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ, ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಬೆನ್ನುಹುರಿಗೋ ಸೊಂಟದ ಮೂಳೆಗೋ ಬಿದ್ದ ಪೆಟ್ಟು, ಇವುಗಳಿಂದ ನರ ಮತ್ತು ರಕ್ತನಾಳ ಕೆಟ್ಟು ನಿಮಿರುವಿಕೆ ನಿಂತುಹೋಗಬಹುದು. ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ಬಗ್ಗದಿದ್ದರೆ ಶಿಶ್ನದೊಳಗೆ ಎರಡು ಕಡ್ಡಿಗಳನ್ನೋ, ನೀರು ತುಂಬುವ ಎರಡು ಸಿಲಿಂಡರುಗಳನ್ನೋ ಕೂರಿಸುತ್ತಾರೆ. ನೀರಿನ ಸಾಧನವಾದರೆ ವೃಷಣ ಚೀಲದಲ್ಲಿ ಒಂದು ಸಣ್ಣ ಪಂಪು, ಸಾಮಾನ್ಯವಾಗಿ ಕಿಬ್ಬೊಟ್ಟೆಯಲ್ಲಿ ಒಂದು ನೀರಿನ ಚೀಲ. ಇದರಿಂದ ಆಸೆ ಹೆಚ್ಚುವುದಿಲ್ಲ, ಉದ್ದ ಹೆಚ್ಚುವುದಿಲ್ಲ, ಸ್ಪರ್ಶಜ್ಞಾನ ಸಾಮಾನ್ಯವಾಗಿ ಮೊದಲಿದ್ದಂತೆಯೇ ಇರುತ್ತದೆ. ಒಮ್ಮೆ ಹಾಕಿಸಿದ ಮೇಲೆ ಹಳೆಯ ಸ್ಥಿತಿಗೆ ಹಿಂದಿರುಗುವ ದಾರಿಯೂ ಇರುವುದಿಲ್ಲ. ಹೀಗೆ ನೀರು ತುಂಬುವ ಸಾಧನವನ್ನು ಅಮೆರಿಕದ ಹ್ಯೂಸ್ಟನ್ನಿನ ಡಾ. ಬ್ರ್ಯಾಂಟ್ಲಿ ಸ್ಕಾಟ್ ಮತ್ತು ಸಂಗಡಿಗರು ಲೋಕಕ್ಕೆ ತಿಳಿಸಿದ್ದು 1973ರಲ್ಲಿ. ವಯಾಗ್ರ ಮಾರುಕಟ್ಟೆಗೆ ಬಂದದ್ದು 1998ರಲ್ಲಿ. ಅಂದರೆ ಎಲ್ಲರಿಗೂ ಗೊತ್ತಿರುವ ಮಾತ್ರೆಗಿಂತ ಯಾರೂ ಬಾಯಿಬಿಡದ ಈ ಶಸ್ತ್ರಚಿಕಿತ್ಸೆ ಕಾಲು ಶತಮಾನ ಹಳೆಯದು. ದೂರದ ಮಾತೂ ಅಲ್ಲ. ಬಗ್ಗಿಸಬಹುದಾದ ಕಡ್ಡಿಯ ಅಗ್ಗದ ದೇಶಿ ಇಂಪ್ಲಾಂಟನ್ನು ರೂಪಿಸಿದವರು ನಾವಿರುವ ಈ ಮುಂಬಯಿಯ ವೈದ್ಯರೇ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ನನ್ನ ಗೆಳೆಯರೊಬ್ಬರು ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಐವತ್ತು ದಾಟಿದವರು, ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಹೆಸರು ಹೇಳಬೇಡ ಎಂದಿದ್ದಾರೆ, ಹೇಳುವುದಿಲ್ಲ. ಡೊಂಬಿವಲಿಯ ಎರಡು ಕೋಣೆಯ ಮನೆ, ಬೆಳೆದ ಇಬ್ಬರು ಮಕ್ಕಳು. ಕಾಲು ಅಗಲಿಸಿ ನಡೆಯುವ, ದಿನಕ್ಕೆರಡು ಸಲ ಬ್ಯಾಂಡೇಜು ನೋಡಿಕೊಳ್ಳುವ ಮನುಷ್ಯನಿಗೆ ಆ ಮನೆಯಲ್ಲಿ ಮರೆ ಎಲ್ಲಿ? ಆದ್ದರಿಂದ ಬಿಡುಗಡೆಯಾದ ಮೂರನೆಯ ದಿನವೇ ಕುಂದಾಪುರಕ್ಕೆ ಹೊರಟರು. ಮತ್ಸ್ಯಗಂಧದಲ್ಲಿ ಸಿಕ್ಕಿದ್ದು ಅಪ್ಪರ್ ಬರ್ತ್. ಕೆಳಗಿನ ಬರ್ತಿನ ಹುಡುಗನನ್ನು ಕೇಳಿಕೊಳ್ಳಬಹುದಿತ್ತು, ಆದರೆ ಏಕೆಂದು ಕೇಳಿದರೆ? ಹತ್ತಿದರು. ಸ್ಟೇಷನ್ನಿಗೆ ಅಣ್ಣನ ಮಗ ಬೈಕು ತಂದಿದ್ದ. ಹಿಂದೆ ಕುಳಿತರು. ಹರ್ನಿಯಾದವನು ಬೈಕು ಬೇಡವೆಂದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಸುಳ್ಳು ಹೇಳುತ್ತಿರುವವನಿಗೆ ಪ್ರತಿ ಮಾತೂ ಸುಳಿವು ಕೊಡುವಂತೆ ಕಾಣುತ್ತದೆ.

ಆರನೆಯ ದಿನ ಜ್ವರ, ಊತ, ಕೆಂಪು. ಊರಿನ ಡಾಕ್ಟರಿಗೂ ಹರ್ನಿಯಾ ಎಂದೇ ಹೇಳಿದರು, ಅಣ್ಣ ಪಕ್ಕದಲ್ಲೇ ನಿಂತಿದ್ದನಲ್ಲ! ಪರೀಕ್ಷೆಗೆ ಪಂಚೆ ಸಡಿಲಿಸಲು ಒಪ್ಪಲಿಲ್ಲ. ಮಾತ್ರೆ ತೆಗೆದುಕೊಂಡು ಬಂದರು. ಕೀವು ಕಂಡ ಮೇಲೆ ಮುಂಬಯಿಗೆ ಮರಳುವ ಹೊತ್ತಿಗೆ ಮತ್ತೆ ಐದು ದಿನ ಕಳೆದಿತ್ತು. ಸಾಧನವನ್ನು ತೆಗೆಯಬೇಕಾಯಿತು.

ಪ್ರಯಾಣದಿಂದಲೇ ಸೋಂಕು ಬಂತೆಂದು ನಾನು ಹೇಳುವುದಿಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಆ ಅಪಾಯ ಮೊದಲೇ ಹೆಚ್ಚು. ಆದರೆ ಆ ಐದು ದಿನ ತಡವಾದದ್ದು ಸಕ್ಕರೆಯಿಂದಲ್ಲ, ಸುಳ್ಳಿನಿಂದ. ಇಂಪ್ಲಾಂಟಿನ ಸೋಂಕಿಗೆ ಕಾಯುತ್ತ ಕೂರುವ ಚಿಕಿತ್ಸೆ ಇಲ್ಲ. ಸಾಧನದ ಮೈಗೆ ಅಂಟಿದ ಬ್ಯಾಕ್ಟೀರಿಯಾ ಬರೀ ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ. ಬೇಗ ತಿಳಿದರೆ ತೊಳೆದು ಅದೇ ಮೇಜಿನ ಮೇಲೆ ಹೊಸದನ್ನು ಕೂರಿಸುವ ಅವಕಾಶವಾದರೂ ಇರಬಹುದು. ತೆಗೆದು ಹಾಗೇ ಬಿಟ್ಟರೆ ಒಳಗೆ ಗಾಯದ ಗಟ್ಟಿ ಅಂಗಾಂಶ ಬೆಳೆದು ಎರಡನೆಯ ಪ್ರಯತ್ನ ಕಷ್ಟವಾಗುತ್ತದೆ.

ಆ ಗೆಳೆಯರ ಡಿಸ್ಚಾರ್ಜ್ ಕಾಗದವನ್ನು ನಾನು ಓದಿದೆ. ಇಂಗ್ಲಿಷಿನಲ್ಲಿತ್ತು. ಶ್ರಮದ ಕೆಲಸ ಬೇಡ ಎಂದಿತ್ತು. ಇಡೀ ರಾತ್ರಿಯ ರೈಲು ಶ್ರಮವೋ ಅಲ್ಲವೋ? ಅಪ್ಪರ್ ಬರ್ತು? ಘಟ್ಟದ ತಿರುವುಗಳ ಬಸ್ಸು? ಒಂದಕ್ಷರವಿಲ್ಲ. ಮಂಡಿ ಬದಲಿಸಿಕೊಂಡವನಿಗೆ ಮೆಟ್ಟಿಲು ಹೇಗೆ ಹತ್ತಬೇಕು, ಕಮೋಡಿನ ಮೇಲೆ ಹೇಗೆ ಕೂರಬೇಕು ಎಂದು ಚಿತ್ರ ಬಿಡಿಸಿ ತೋರಿಸುವವರಿದ್ದಾರೆ. ಇವನಿಗೆ ಮಾತ್ರ ಯಾರೂ ಕೇಳಲಿಲ್ಲ: ನೀವು ಮನೆಗೆ ಹೋಗುವುದು ಹೇಗೆ?

ಕೇಳಿದ್ದರೆ ಹೇಳಬಹುದಾದದ್ದು ದೊಡ್ಡ ಶಾಸ್ತ್ರವೇನಲ್ಲ. ಮೊದಲ ತಪಾಸಣೆ ಮುಗಿದು ವೈದ್ಯರು ಸರಿ ಎನ್ನುವವರೆಗೆ ಆಸ್ಪತ್ರೆಯಿರುವ ಊರಲ್ಲೇ ಇರಿ. ಟಿಕೆಟ್ ತೆಗೆಯುವ ಮೊದಲು ಅವರನ್ನು ಕೇಳಿ, ತೆಗೆದ ಮೇಲಲ್ಲ. ಕೆಳಗಿನ ಬರ್ತ್ ಸಿಗುವ ದಿನವೇ ಹೊರಡಿ. ಬಿಗಿಯಾದ ಹತ್ತಿಯ ಒಳಉಡುಪು ಇರಲಿ, ವೈದ್ಯರು ಹೇಳಿಕೊಟ್ಟಂತೆ ಶಿಶ್ನವನ್ನು ಹೊಟ್ಟೆಯ ಕಡೆಗೆ ಮೇಲ್ಮುಖವಾಗಿಟ್ಟುಕೊಳ್ಳಿ. ತಾಸಿಗೊಮ್ಮೆ ಎದ್ದು ನಡೆಯಿರಿ, ಕೂತೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ. ಸೂಟ್‌ಕೇಸನ್ನು ಬೇರೆಯವರು ಎತ್ತಲಿ. ಔಷಧಿ, ಡಿಸ್ಚಾರ್ಜ್ ಕಾಗದ, ಇಂಪ್ಲಾಂಟಿನ ಕಾರ್ಡು ಕೈಚೀಲದಲ್ಲಿರಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಾರಾದರೂ ಕೇಳಿದರೆ ಆ ಕಾರ್ಡು ತೋರಿಸಿದರಾಯಿತು. ಊರು ಮುಟ್ಟಿದ ಮೇಲೆ ಗಾಯ ಪೂರ್ತಿ ಮಾಯುವವರೆಗೆ ಹೊಳೆ, ಕೆರೆ ಬೇಡ, ಬೈಕು ಬೇಡ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಸಂಭೋಗವೂ ಬೇಡ. ನೋವು ಇಳಿಯುವ ಬದಲು ಏರಿದರೆ, ಜ್ವರ, ಕೀವು ಬಂದರೆ, ಪಂಪು ಚರ್ಮಕ್ಕೆ ಅಂಟಿಕೊಂಡಂತಾದರೆ ಅಂದೇ ಶಸ್ತ್ರವೈದ್ಯರಿಗೆ ಫೋನ್ ಮಾಡಿ. ಇಷ್ಟೇ. ಒಂದು ಪುಟ ಸಾಕು. ಆ ಒಂದು ಪುಟ ಕನ್ನಡದಲ್ಲಿ ಏಕಿಲ್ಲ?

ಹರ್ನಿಯಾದ ಸುಳ್ಳಿನಲ್ಲಿ ಇನ್ನೊಂದು ಕ್ರೂರ ತಮಾಷೆಯಿದೆ. ನೀರಿನ ಚೀಲ ಕೂರುವುದು ಹರ್ನಿಯಾ ಆಪರೇಷನ್ ನಡೆಯುವ ಜಾಗದ ಆಸುಪಾಸಿನಲ್ಲೇ. ನಾಳೆ ಈ ಮನುಷ್ಯನಿಗೆ ನಿಜವಾಗಿ ಹರ್ನಿಯಾ ಆದರೆ, ಊರಿನ ಶಸ್ತ್ರವೈದ್ಯರಿಗೆ ಒಳಗೊಂದು ಸಾಧನವಿದೆ ಎಂದು ತಿಳಿಯದಿದ್ದರೆ, ಕತ್ತರಿ ಎಲ್ಲಿ ತಾಗುತ್ತದೆ? ಎಚ್ಚರ ತಪ್ಪಿದಾಗ ಮೂತ್ರದ ನಳಿಕೆ ಹಾಕಬೇಕಾದ ನರ್ಸಿಗೆ ಯಾರು ಹೇಳಬೇಕು? ಮನೆಯಲ್ಲಿ ಒಬ್ಬರಿಗಾದರೂ ನಿಜ ಗೊತ್ತಿರಬೇಕು ಎನ್ನುವುದು ಇದಕ್ಕೇ.

ಖಾಸಗಿ ವಿಷಯವನ್ನು ಊರಿಗೆಲ್ಲ ಸಾರಬೇಕೇ ಎಂದು ಕೇಳುವವರಿದ್ದಾರೆ. ಬೇಡ. ಖಾಸಗಿ ಎಂದರೆ ಯಾರಿಗೆ ಹೇಳಬೇಕೆಂದು ನಾನು ಆರಿಸಿಕೊಳ್ಳುವುದು. ಗುಟ್ಟು ಎಂದರೆ ಯಾರಿಗೂ ಹೇಳಲಾಗದ ಸ್ಥಿತಿ. ಮೊದಲನೆಯದು ಹಕ್ಕು, ಎರಡನೆಯದು ಶಿಕ್ಷೆ. ನಮ್ಮ ಹೆಂಗಸರ ಪಾಡು ಇದಕ್ಕೆ ತಿರುವುಮುರುವು. ಅತ್ತಿಗೆಯ ಗರ್ಭಕೋಶ ತೆಗೆಸಿದ ಸುದ್ದಿ ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರ ಬಾಯಲ್ಲಿರುತ್ತದೆ. ಅವಳಿಗೆ ಖಾಸಗಿತನವೇ ಇಲ್ಲ, ಅವನಿಗೆ ಬಾಯಿಯೇ ಇಲ್ಲ. ಎರಡೂ ಒಂದೇ ರೋಗ.

ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೇ ಎನ್ನುವವರೂ ಇದ್ದಾರೆ. ಅರವತ್ತೈದರಲ್ಲಿ ಮಂಡಿ ಬದಲಿಸಿದವರಿಗೆ ಈ ವಯಸ್ಸಿನಲ್ಲಿ ನಡೆಯಬೇಕಿತ್ತೇ ಎಂದು ಕೇಳುತ್ತೀರಾ? ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಇಬ್ಬರೇ: ಅವನು ಮತ್ತು ಅವನ ಸಂಗಾತಿ. ಆ ಎರಡನೆಯವರನ್ನು ಸಲಹೆಯ ಕೋಣೆಗೆ ಕರೆಯದೆ ಕಾರಿಡಾರಿನಲ್ಲಿ ಕೂರಿಸುವುದು ಇನ್ನೊಂದು ಅನ್ಯಾಯ. ಗಾಯ ನೋಡಿಕೊಳ್ಳಬೇಕಾದವಳು, ಜೊತೆ ಬದುಕಬೇಕಾದವಳು, ಬೇಡ ಎನ್ನುವ ಹಕ್ಕೂ ಉಳ್ಳವಳು ಅವಳು.

ನಾವು ಬಾಯಿ ಮುಚ್ಚಿಕೊಂಡಿದ್ದಕ್ಕೆ ಮಾತಾಡುತ್ತಿರುವವರು ಯಾರು ನೋಡಿ. ಲೋಕಲ್ ಟ್ರೇನಿನ ಡಬ್ಬಿಯಲ್ಲಿ, ಹಳಿಯ ಬದಿಯ ಗೋಡೆಯಲ್ಲಿ ಗುಪ್ತರೋಗದ ತಜ್ಞರೇ ಮಾತಾಡುತ್ತಿದ್ದಾರೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂಬ ಔಷಧಿ ಜಾಹೀರಾತನ್ನು ನಿಷೇಧಿಸುವ ಕಾನೂನು 1954ರಿಂದಲೂ ಇದೆ. ಆದರೂ ಪೋಸ್ಟರು ಹೋಗಿಲ್ಲ, ಏಕೆಂದರೆ ಗಿರಾಕಿಗೆ ಬೇರೆ ಕಡೆ ಕೇಳಲು ನಾಚಿಕೆ. ಅತ್ತ ಹಲವು ವಿಮಾ ಪಾಲಿಸಿಗಳು ಲೈಂಗಿಕ ದೌರ್ಬಲ್ಯದ ಚಿಕಿತ್ಸೆಯನ್ನೇ ಹೊರಗಿಡುತ್ತವೆ. ಸಕ್ಕರೆಯಿಂದ ಕೆಟ್ಟ ಕಣ್ಣು ಕಾಯಿಲೆ, ಸಕ್ಕರೆಯಿಂದ ಕೆಟ್ಟ ಮೂತ್ರಪಿಂಡ ಕಾಯಿಲೆ, ಅದೇ ಸಕ್ಕರೆಯಿಂದ ಕೆಟ್ಟ ಈ ಅಂಗ ಮಾತ್ರ ಶೋಕಿ. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಈ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿಗೂ ಹೆಚ್ಚು. ಇದು ಯಾರೋ ನಾಲ್ಕು ಜನರ ವಿಷಯವೆಂದು ಹೇಗೆ ಹೇಳುವುದು?

ಇದೇ ಮುಂಬಯಿಯಲ್ಲಿ ರ. ಧೋಂ. ಕರ್ವೆಯವರು 1927ರಿಂದ 1953ರಲ್ಲಿ ತೀರಿಕೊಳ್ಳುವವರೆಗೆ ‘ಸಮಾಜ ಸ್ವಾಸ್ಥ್ಯ’ ಎಂಬ ಮರಾಠಿ ಪತ್ರಿಕೆ ನಡೆಸಿ, ಓದುಗರ ಲೈಂಗಿಕ ಪ್ರಶ್ನೆಗಳಿಗೆ ಉತ್ತರಿಸಿದರು. ಅಶ್ಲೀಲವೆಂದು ಕೇಸು ಬಿತ್ತು. 1934ರಲ್ಲಿ ಅವರ ಪರ ವಾದಿಸಿದವರು ಅಂಬೇಡ್ಕರ್. ಕನ್ನಡದಲ್ಲಿ ಡಾ. ಅನುಪಮಾ ನಿರಂಜನ ಹೆಂಗಸರ ಆರೋಗ್ಯದ ಬಗ್ಗೆ, ದಾಂಪತ್ಯದ ಬಗ್ಗೆ ಯಾವ ಹಿಂಜರಿಕೆಯೂ ಇಲ್ಲದೆ ಬರೆದರು. ನಮ್ಮ ಅಮ್ಮಂದಿರು ಆ ಪುಸ್ತಕಗಳನ್ನು ಓದಿದರು. ನಮ್ಮ ಅಪ್ಪಂದಿರಿಗೆ ಅಂಥ ಪುಸ್ತಕ ಯಾವುದಿತ್ತು? ಷಂಡ, ನಪುಂಸಕ ಎಂಬ ಬೈಗುಳ ಮಾತ್ರ ಧಾರಾಳವಾಗಿತ್ತು.

ಈ ಪತ್ರಿಕೆ ಓದುವವರಲ್ಲಿ ಡಾಕ್ಟರುಗಳಿದ್ದಾರೆ, ಮೆಡಿಕಲ್ ಓದುವವರಿದ್ದಾರೆ, ವಿಮಾ ಕಂಪನಿಗಳಲ್ಲಿ ಕೆಲಸ ಮಾಡುವವರಿದ್ದಾರೆ. ಮುಂಬಯಿಯಲ್ಲೋ ಪುಣೆಯಲ್ಲೋ ಹೈದರಾಬಾದಿನಲ್ಲೋ ಊರಿಂದ ಬಂದ ರೋಗಿಗೆ ಆಸ್ಪತ್ರೆಯಲ್ಲಿ ಕನ್ನಡದಲ್ಲಿ ನಾಲ್ಕು ಮಾತು ಹೇಳಬಲ್ಲವರು ನೀವೇ. ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವ ಮೊದಲು ಕೇಳಿ: ಊರು ಯಾವುದು, ಯಾವ ರೈಲು, ಜೊತೆಗೆ ಯಾರು, ಅವರಿಗೆ ವಿಷಯ ಗೊತ್ತೇ? ಆ ಒಂದು ಪುಟವನ್ನು ಕನ್ನಡದಲ್ಲಿ ಬರೆದು ಅವನ ಕೈಗೆ ಕೊಡಿ. ಉಳಿದವರು ಕನಿಷ್ಠ ಒಂದು ಕೆಲಸ ಮಾಡಬಹುದು. ಮುಂದಿನ ಸಲ ರೈಲಿನಲ್ಲಿ ಯಾರಾದರೂ ಆಪರೇಷನ್ ಆಗಿದೆ, ಕೆಳಗಿನ ಬರ್ತ್ ಕೊಡುತ್ತೀರಾ ಎಂದರೆ, ಏನು ಆಪರೇಷನ್ ಎಂದು ಕೇಳದೆ ಜಾಗ ಬಿಡಿ.